ಖತೀಫಿನ ಬಾಯಿ ಮತ್ತು ಅವರ ರಕ್ತಸಾಕ್ಷಿಗಳು

ಸಂತ ಲಾರೆನ್ಸರು ಕಾದ ಕಬ್ಬಿಣದ ಜಾಲರಿಯ ಮೇಲೆ ಮಲಗಿ ತಮಾಷೆ ಮಾಡಿದರು ಎಂಬ ಮಾತನ್ನು ಬಾಯಿ ನಂಬುತ್ತಿರಲಿಲ್ಲ. ಕತೆ ಹಾಗೆಯೇ ಇದೆಯಂತೆ. ರೋಮಿನ ಸೈನಿಕರು ಅವರನ್ನು ಜೀವಂತ ಸುಡುತ್ತಿದ್ದಾಗ ಅವರು, ಈ ಮಗ್ಗುಲು ಬೆಂದಾಯಿತು, ಇನ್ನು ಆ ಮಗ್ಗುಲಿಗೆ ತಿರುಗಿಸಿ ಎಂದರಂತೆ. ಬಾಯಿ ಅದನ್ನು ಹೇಳುವುದು ಹೇಳಿ, ಆಮೇಲೆ ತಲೆಯಾಡಿಸುವರು.

“ನಾನು ಊರಲ್ಲಿ ಸುಟ್ಟ ಗಾಯದ ವಾರ್ಡಿನಲ್ಲಿ ಕೆಲಸ ಮಾಡಿದವಳು ಮಾರಾಯ್ತಿ. ಸುಟ್ಟವರು ಯಾರೂ ತಮಾಷೆ ಮಾಡುವುದಿಲ್ಲ. ನೀರು ಕೇಳ್ತಾರೆ. ಅವರೂ ನೀರು ಕೇಳಿರಬೇಕು. ಬೊಬ್ಬೆ ಹೊಡೆದಿರಬೇಕು. ಆದ್ರೂ ಯೇಸು ಯಾರಂತ ನಂಗೆ ಗೊತ್ತಿಲ್ಲ ಅಂತ ಮಾತ್ರ ಹೇಳಲಿಲ್ಲ. ಅಷ್ಟು ಸಾಕಲ್ವಾ? ತಮಾಷೆ ಎಲ್ಲ ಆಮೇಲಿನವರು ಸೇರಿಸಿದ್ದು.”

ಅವರು ತೀರಿಕೊಂಡರೆಂಬ ಸುದ್ದಿ ಬಂದ ದಿನ ನನಗೆ ಮೊದಲು ನೆನಪಾದದ್ದು ಈ ಮಾತು. ಹೇಳುವಾಗ ಅವರ ಕೈಯಲ್ಲಿ ಮೀನು ಇತ್ತು, ಕತ್ತರಿ ಇತ್ತು. ಸೌದಿಯ ಖತೀಫಿನಲ್ಲಿ ನಮ್ಮ ಕ್ವಾರ್ಟರ್ಸಿನ ಸಣ್ಣ ಅಡುಗೆಮನೆಯಲ್ಲಿ ನೀರಿನ ನಲ್ಲಿ ತೆರೆದೇ ಇತ್ತು.

ಬಾಯಿ ಎಂಬುದು ಹೆಸರಲ್ಲ. ನಮ್ಮ ಕರಾವಳಿಯಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಹಾಗೆ ಕರೆಯುವುದು ರೂಢಿ. ಆ ಖಾಸಗಿ ಆಸ್ಪತ್ರೆಯಲ್ಲಿ ಉಳಿದವರಿಗೆಲ್ಲ ಅವರು ಸಿಸ್ಟರ್; ಉಡುಪಿ ಕಡೆಯವಳಾದ ನನಗೂ ನಮ್ಮ ಜೊತೆಗಿದ್ದ ಪುತ್ತೂರಿನ ನರ್ಸ್ ಸಫಿಯಾಳಿಗೂ ಮಾತ್ರ ಬಾಯಿ. ನಾನು ಲ್ಯಾಬಿನಲ್ಲಿದ್ದೆ. ಬಾಯಿ ಚುಚ್ಚುಮದ್ದು, ಡ್ರೆಸಿಂಗ್ ಕೊಠಡಿಯ ಇನ್‌ಚಾರ್ಜ್. ಗಂಡ ಬೇಗ ತೀರಿಕೊಂಡದ್ದರಿಂದ ಒಬ್ಬಳೇ ಮಗಳನ್ನು ತಾಯಿಯ ಮನೆಯಲ್ಲಿ ಬಿಟ್ಟು ಬಂದವರು. ನಾನು ಅಲ್ಲಿಗೆ ಸೇರುವ ಹೊತ್ತಿಗೆ ಅವರ ಕೂದಲು ಪೂರಾ ಬಿಳಿಯಾಗಿತ್ತು.

ದಪ್ಪ ಶರೀರ, ಸಣ್ಣ ಧ್ವನಿ, ವಿಪರೀತ ಹೆದರಿಕೆ. ಹಲ್ಲಿಗೆ ಹೆದರುವರು. ಲಿಫ್ಟಿನ ಬಾಗಿಲು ಮುಚ್ಚಿದರೆ ಕಣ್ಣು ಮುಚ್ಚುವರು. ರಸ್ತೆ ದಾಟುವಾಗ ನನ್ನ ಕಪ್ಪು ನಿಲುವಂಗಿ ಅಬಾಯಾದ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತಿದ್ದರೆಂದರೆ ಹೊಲಿಗೆ ಬಿಟ್ಟುಹೋಗುತ್ತಿತ್ತು. ಆದರೆ ಎಂಥ ಕೊಳೆತ ಗಾಯವಾದರೂ ಮೂಗು ಮುರಿಯದೆ ತೊಳೆಯುವರು. ತೊಳೆಯುವಾಗ ರೋಗಿಯ ಜೊತೆ ಮನೆಯ ಸುದ್ದಿ ಮಾತಾಡುವರು.

ಆ ದೇಶದಲ್ಲಿ ಇಗರ್ಜಿ, ಅಂದರೆ ಚರ್ಚು, ಇಲ್ಲ. ಶುಕ್ರವಾರ ರಜೆಯ ದಿನ ಬಾಯಿ ಕೋಣೆಯ ಪರದೆ ಎಳೆದು, ಊರ ಇಗರ್ಜಿಯ ಪೂಜೆಯನ್ನು ಫೋನಿನಲ್ಲಿ ಹಾಕಿಕೊಂಡು, ಕೊಂಕಣಿಯಲ್ಲಿ ಮೆಲ್ಲಗೆ ಹಾಡುವರು. ಮುಗಿದ ಮೇಲೆ ಅಡುಗೆ. ಅಡುಗೆಯ ಜೊತೆಗೇ ಸಂತರ ಕತೆ. ಅವರನ್ನೆಲ್ಲ ತಮ್ಮ ಕೇರಿಯ ಹಳೆಯ ನೆಂಟರೆಂಬಂತೆ ಹೇಳುತ್ತಿದ್ದರು. ಸಂತ ಪೀಟರ್ ಅವರಿಗೆ ಪೇದ್ರು. ಯೇಸುವಿನ ಶಿಷ್ಯರಲ್ಲಿ ಮೊದಲಿಗ, ಮೀನು ಹಿಡಿಯುವವನು. ಹಾಗಾಗಿ ಬಂಗುಡೆ ಶುಚಿ ಮಾಡುವಾಗಲೆಲ್ಲ ಅವನ ಸುದ್ದಿ ಬರಲೇಬೇಕು.

“ಯೇಸುವನ್ನು ಹಿಡಿದುಕೊಂಡು ಹೋದ್ರಲ್ಲ, ಆಗ ಈ ಪೇದ್ರು ಹೊರಗೆ ಅಂಗಳದಲ್ಲಿ ಬೆಂಕಿ ಕಾಯಿಸ್ತಾ ಕೂತಿದ್ದ. ಮನೆಕೆಲಸದ ಹೆಣ್ಣೊಬ್ಬಳು ಬಂದು, ನೀನೂ ಅವನ ಜೊತೆಗಿದ್ದವನಲ್ವಾ ಅಂತ ಕೇಳಿದಳು. ಇವ, ನಂಗೆ ಅವ ಗೊತ್ತೇ ಇಲ್ಲ ಅಂದ. ಸೈನಿಕ ಅಲ್ಲ, ರಾಜ ಅಲ್ಲ, ಕೆಲಸದವಳಿಗೆ ಹೆದರಿದ್ದು ನೋಡು.” ಬಾಯಿ ನಗುವರು. “ಅದೇ ಮನುಷ್ಯನನ್ನು ಕಡೆಗೆ ರೋಮಿನಲ್ಲಿ ಶಿಲುಬೆಗೆ ಹಾಕ್ಲಿಕ್ಕೆ ತಂದಾಗ, ನಾನು ಗುರುವಿನ ಹಾಗೆ ಸಾಯುವಷ್ಟು ದೊಡ್ಡವ ಅಲ್ಲ, ತಲೆಕೆಳಗೆ ಮಾಡಿ ಹಾಕಿ ಅಂದನಂತೆ.”

“ಅಷ್ಟು ಧೈರ್ಯ ಎಲ್ಲಿಂದ ಬಂತು ಬಾಯಿ?” ಎಂದು ಸಫಿಯಾ ಕೇಳಿದಳು.

“ಗೊತ್ತಿಲ್ಲ ಮಗಾ. ನಡುವೆ ತುಂಬ ವರ್ಷ ಉಂಟಲ್ಲ. ದಿನಾ ನಾಚಿಕೆ ಆಗಿರಬೇಕು.”

ಅನುಮಾನದ ತೋಮಸನ ಬಗ್ಗೆ ಅವರಿಗೆ ವಿಶೇಷ ಅಕ್ಕರೆ. ಎಲ್ಲರೂ ಒಂದೊಂದು ದಿಕ್ಕಿಗೆ ಹೋದಾಗ ಸಮುದ್ರ ದಾಟಿ ನಮ್ಮ ಕಡೆಗೆ ಬಂದವನು ಅವನೊಬ್ಬನೇ, ಮೈಲಾಪುರದಲ್ಲಿ ಭರ್ಜಿಯಿಂದ ತಿವಿದು ಕೊಂದರು ಎಂದು ಹೇಳುವಾಗ, ಕೆಲಸ ಹುಡುಕಿ ಪರದೇಶಕ್ಕೆ ಹೋಗಿ ಅಲ್ಲೇ ತೀರಿಕೊಂಡ ಅಣ್ಣನ ಸುದ್ದಿ ಹೇಳುವಂತೆ ಅವರ ಧ್ವನಿ ಇಳಿಯುತ್ತಿತ್ತು. ಪಾಲಿಕಾರ್ಪ್ ಎಂಬ ಮುದಿ ಬಿಷಪ್ಪರ ಕತೆ ಹೇಳುವಾಗ ಬೆಂಕಿಯ ಭಾಗವನ್ನು ಒಂದೇ ಮಾತಿನಲ್ಲಿ ಮುಗಿಸಿಬಿಡುವರು. ಅದಕ್ಕಿಂತ ಹಿಂದಿನದೇ ಅವರಿಗೆ ಮುಖ್ಯ. ಹಿಡಿದುಕೊಂಡು ಹೋಗಲು ಬಂದ ಸೈನಿಕರಿಗೆ ಆ ಮುದುಕರು ಊಟ ಬಡಿಸಲು ಹೇಳಿದರಂತೆ. “ದೂರದಿಂದ ನಡೆದು ಬಂದಿದ್ರಲ್ಲ, ಪಾಪ, ಹಸಿವಾಗಿತ್ತು ಅವರಿಗೆ” ಎನ್ನುವರು, ಆ ಸೈನಿಕರನ್ನು ತಾವೇ ಕಂಡ ಹಾಗೆ.

ಬಾಯಿಯ ಕುತ್ತಿಗೆಯಲ್ಲಿ ಯೂನಿಫಾರ್ಮಿನೊಳಗೆ ಒಂದು ಸಣ್ಣ ಪದಕ ಇತ್ತು. ಸಂತ ಬಾರ್ತೊಲೊಮೆವ್, ಜೀವಂತ ಚರ್ಮ ಸುಲಿಸಿಕೊಂಡ ಶಿಷ್ಯ. ಕಾಲಿನ ಹುಣ್ಣಿಗೆ ಡ್ರೆಸಿಂಗ್ ಮಾಡಿಸಿಕೊಳ್ಳಲು ಬರುತ್ತಿದ್ದ ಉಮ್ಮ್ ಅಲಿ ಎಂಬ ಖತೀಫಿನ ಅಜ್ಜಿ ಒಂದು ದಿನ, ಬಾಯಿ ಬಗ್ಗಿದಾಗ ಹೊರಬಂದ ಆ ಪದಕವನ್ನು ಕಂಡು ಯಾರಿದು ಎಂದು ಕೇಳಿದರು. ನಾನು ರಕ್ತ ತೆಗೆಯಲು ಪಕ್ಕದಲ್ಲಿ ನಿಂತಿದ್ದೆ. ಬಾಯಿಗೆ ಗಾಬರಿ. ಆದರೂ, ಈಸಾ ನಬಿಯವರ, ಅಂದರೆ ಯೇಸುವಿನ, ಸ್ನೇಹಿತರು ಎಂದು ಅರಬ್ಬಿಯಲ್ಲಿ ಹೇಳಿದರು. “ಶಹೀದಾ?” ಎಂದು ಅಜ್ಜಿ ಕೇಳಿದರು. ಹೌದೆಂದು ಬಾಯಿ ತಲೆಯಾಡಿಸಿದರು. ಹೇಗೆ ಎಂದದ್ದಕ್ಕೆ ತಮ್ಮ ಮುಂಗೈಯ ಚರ್ಮವನ್ನು ಚಿವುಟಿ ಎತ್ತಿ ತೋರಿಸಿದರು. ಅಜ್ಜಿಯ ಕಣ್ಣು ತುಂಬಿತು. ಅವರು ಕರ್ಬಲಾದ ಯುದ್ಧದಲ್ಲಿ ಮಡಿದ ಪ್ರವಾದಿಯ ಮನೆಯವರ ಕತೆ ಹೇಳತೊಡಗಿದರು. ಬಾಯಿಗೆ ಅರ್ಧವೂ ಅರ್ಥವಾಗಿರಲಿಕ್ಕಿಲ್ಲ, ಆದರೂ ಪಟ್ಟಿ ಸುತ್ತುವುದನ್ನು ನಿಲ್ಲಿಸಿ ಕೇಳಿದರು. ಅಜ್ಜಿ ಹೋದ ಮೇಲೆ ನನಗೆ ಹೇಳಿದರು: “ಕತ್ತಿಯ ವಿಷಯ ಹೇಳಲಿಲ್ಲ ನೋಡು. ಮಕ್ಕಳಿಗೆ ಬಾಯಾರಿಕೆ ಆದದ್ದನ್ನೇ ಹೇಳಿದ್ರು. ಅವರಿಗೆ ಗೊತ್ತುಂಟು.”

ಆ ಸಂಜೆ ಈ ಮಾತು ಬಂದಾಗ, ಮದ್ರಸಾದಲ್ಲಿ ಓದಿದ್ದ ಸಫಿಯಾ, ಅರಬ್ಬಿಯಲ್ಲಿ ಶಹೀದ್ ಎಂದರೆ ಹುತಾತ್ಮ, ಶಾಹಿದ್ ಎಂದರೆ ಸಾಕ್ಷಿ, ಎರಡಕ್ಕೂ ಬೇರು ಒಂದೇ ಎಂದಳು.

“ನಮ್ಮದ್ರಲ್ಲೂ ರಕ್ತಸಾಕ್ಷಿ ಅಂತಲೇ ಹೇಳುವುದು” ಎಂದರು ಬಾಯಿ. ಸ್ವಲ್ಪ ಹೊತ್ತು ಅಕ್ಕಿ ಆರಿಸಿ, “ಅಂದ್ರೆ ಹೇಳುವುದು ಮೊದಲು. ಸಾಯುವುದು ಆಮೇಲೆ” ಎಂದರು.

ಇದೆಲ್ಲ ಆ ಚುಚ್ಚುಮದ್ದಿನ ಪ್ರಕರಣಕ್ಕೆ ಮೊದಲು.

ಸಫಿಯಾ ಆಗ ಹೊಸಬಳು, ಊರಿನಿಂದ ಬಂದು ವರ್ಷವೂ ಆಗಿರಲಿಲ್ಲ. ಜ್ವರದ ದಿನಗಳು. ಆಸ್ಪತ್ರೆಯ ಹೊರಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಶಾಲಾ ವ್ಯಾನಿನ ಚಾಲಕ, ಪಾಕಿಸ್ತಾನದವನು, ಎದೆಯ ಸೋಂಕಿಗೆ ಬಂದಿದ್ದ. ಡಾಕ್ಟರು ಆ್ಯಂಟಿಬಯೋಟಿಕ್ ಚುಚ್ಚುಮದ್ದು ಬರೆದರು. ಹಿಂದೆ ಯಾವುದೋ ಸೂಜಿ ಹಾಕಿದಾಗ ಮೈಯೆಲ್ಲ ಗಂದೆ ಎದ್ದಿತ್ತು ಎಂದು ಆತ ಡಾಕ್ಟರಿಗೇ ಹೇಳಿದ. ಮೊದಲು ಸ್ವಲ್ಪ ಹಾಕಿ ಪರೀಕ್ಷೆ ಮಾಡಲೇ ಎಂದು ಸಫಿಯಾ ಕೇಳಿದಳು. “ಅದೆಲ್ಲ ಹಳೇದು. ಹೊರಗೆ ಜನ ನೋಡಿ. ಯಲ್ಲಾ, ಬೇಗ ಕೊಡಿ” ಎಂದು ಡಾಕ್ಟರು ಮುಂದಿನ ರೋಗಿಯ ಕಡೆ ತಿರುಗಿದರು. ಅವಳು ಕೊಟ್ಟಳು. ಆತ ಬಾಗಿಲವರೆಗೂ ಹೋಗಲಿಲ್ಲ. ಉಸಿರು ಕಟ್ಟಿ, ಮುಖ ಊದಿ ಬಿದ್ದ. ಬಾಯಿ ಓಡಿ ಬಂದು ಮದ್ದು ಕೊಟ್ಟು, ಆಮ್ಲಜನಕ ಹಾಕಿ, ದೊಡ್ಡ ಆಸ್ಪತ್ರೆಗೆ ಸಾಗಿಸುವ ತನಕ ಅವನ ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡಿದ್ದರು. ಬಹಳ ದಿನ ತೀವ್ರ ನಿಗಾ ಘಟಕದಲ್ಲಿದ್ದು ಮನುಷ್ಯ ಬದುಕಿದ.

ವಿಚಾರಣೆಗೆ ಸಮಿತಿ ಬಂತು. ಡಾಕ್ಟರು ತಾವು ಪರೀಕ್ಷೆ ಮಾಡಲು ಹೇಳಿದ್ದಾಗಿಯೂ ನರ್ಸ್ ಮಾಡಲಿಲ್ಲವೆಂದೂ ಹೇಳಿಬಿಟ್ಟರು. ಸಫಿಯಾಳ ಲೈಸೆನ್ಸ್ ಹೋಗುವುದು, ಕೇಸು ನಡೆಯುವುದು ಖಾತ್ರಿಯಾದಂತೆ ಕಂಡಿತು. ಅವಳು ಊಟ ಬಿಟ್ಟಳು. ಪರದೆಯ ಆ ಬದಿಯಲ್ಲಿ ಇನ್ನೊಬ್ಬ ರೋಗಿಗೆ ಡ್ರಿಪ್ ಹಾಕುತ್ತಿದ್ದ ಬಾಯಿಗೆ ಎಲ್ಲ ಕೇಳಿಸಿತ್ತು ಎಂಬುದು ನಮ್ಮಿಬ್ಬರಿಗೆ ಗೊತ್ತಿತ್ತು. ಮ್ಯಾನೇಜರಿಗೂ ಗೊತ್ತಿತ್ತು.

ಮ್ಯಾನೇಜರು ಕೆಟ್ಟವರಲ್ಲ. ಒಂದು ಮಧ್ಯಾಹ್ನ ನಮ್ಮ ಕ್ವಾರ್ಟರ್ಸಿನ ಕೆಳಗಿನ ಕೋಣೆಗೆ ಬಂದು ಬಾಯಿಯನ್ನು ಕರೆಸಿ ಮೃದುವಾಗಿಯೇ ಮಾತಾಡಿದರು. ಬಾಯಿ ನನ್ನನ್ನೂ ಕರೆದುಕೊಂಡೇ ಇಳಿದಿದ್ದರು. “ಸಿಸ್ಟರ್, ನೀವು ಪಕ್ಕದ ರೋಗಿಯ ಜೊತೆ ಇದ್ದಿರಿ. ಅಷ್ಟು ಗದ್ದಲದಲ್ಲಿ ನಿಮಗೆ ಏನೂ ಕೇಳಿಸಿರಲಿಕ್ಕಿಲ್ಲ. ನಿಮ್ಮ ಮಗಳ ಮದುವೆ ಹತ್ತಿರ ಬಂತಲ್ಲ? ಇದರಲ್ಲಿ ಸಿಕ್ಕಿಕೊಂಡರೆ ಊರಿಗೆ ಹೋಗುವುದು ಕಷ್ಟ” ಎಂದರು. ಬಾಯಿ ಮೇಲೆ ಹೋಗಿ ಚಹಾ ಮಾಡಿ ತಂದರು, ಜೊತೆಗೆ ಒಂದು ತಟ್ಟೆ ಖರ್ಜೂರ. ಆತ ಕುಡಿದು ಹೋದರು.

ಮದುವೆ ಹತ್ತಿರ ಬಂದದ್ದು ನಿಜ. ಕ್ರಿಸ್ಮಸ್ ಕಳೆದು ಜನವರಿಯಲ್ಲಿ ಮಗಳ ಮದುವೆ. ಬಾಯಿ ಕೆಲಸ ಬಿಟ್ಟು ಪೂರ್ತಿಯಾಗಿ ಊರಿಗೆ ಹೋಗುವ ತಯಾರಿಯಲ್ಲಿದ್ದರು. ಪೆಟ್ಟಿಗೆ ತುಂಬುವುದು ಆಗಲೇ ಶುರುವಾಗಿತ್ತು.

ಮೇಲೆ ಬಂದು ಬಾಯಿ ಮಂಚದಲ್ಲಿ ಕುಳಿತರು. “ಸುಳ್ಳು ಹೇಳಿ ಅಂತ ಅವರು ಕೇಳಲೇ ಇಲ್ಲ ನೋಡು. ಕೇಳಿಸಲಿಲ್ಲ ಅಂದ್ರೆ ಸಾಕಂತೆ. ಪೇದ್ರುವಿನ ಹತ್ರ ಕೇಳಿದ್ದೂ ಅಷ್ಟೇ.” ಆಮೇಲೆ ಎದ್ದು ಹೋಗಿ ವಾಂತಿ ಮಾಡಿಕೊಂಡರು. ಎರಡು ದಿನ ಅವರಿಗೆ ಹೊಟ್ಟೆಯಲ್ಲಿ ಏನೂ ನಿಲ್ಲಲಿಲ್ಲ. ಪ್ರಾರ್ಥನೆ ಮಾಡುವರು, ಮತ್ತೆ ವಾಂತಿ ಮಾಡುವರು. ಸಂತರ ಕತೆ ಒಂದನ್ನೂ ಹೇಳಲಿಲ್ಲ. ಸಮಿತಿಯ ದಿನ ಬೆಳಿಗ್ಗೆ ನಾನು, “ಬಾಯಿ, ಬೇಕಾದ್ರೆ ಹುಷಾರಿಲ್ಲ ಅಂತ ಹೇಳ್ತೇನೆ, ಇನ್ನೊಂದು ದಿನ ಹೋಗುವ” ಎಂದೆ. “ಬೇಡ. ಇನ್ನೊಂದು ದಿನ ನಾನು ಹೋಗ್ಲಿಕ್ಕಿಲ್ಲ” ಎಂದರು.

ಒಳಗೆ ನಡೆದದ್ದನ್ನು ಸಫಿಯಾ ಆಮೇಲೆ ಹೇಳಿದಳು. ದುಭಾಷಿಯನ್ನು ಕೊಡುತ್ತೇವೆ ಎಂದರೂ ಬಾಯಿ ಬೇಡವೆಂದು ತಮ್ಮ ಆಸ್ಪತ್ರೆ ಅರಬ್ಬಿಯಲ್ಲೇ ಮಾತಾಡಿದರಂತೆ. ನಾನು ಕೇಳಿಸಿಕೊಂಡೆ, ಈ ಹುಡುಗಿ ಪರೀಕ್ಷೆ ಮಾಡುವಾ ಎಂದಳು, ಡಾಕ್ಟರು ಬೇಡವೆಂದರು ಎಂದರಂತೆ. ಅಲ್ಲಿಗೆ ನಿಲ್ಲಿಸಿದ್ದರೆ ಅವರು ಪಾರಾಗುತ್ತಿದ್ದರೇನೋ. ಸಮಿತಿಯ ಹಿರಿಯರು, ಕೇಳಿಸಿದ್ದರೆ ನೀವೇಕೆ ತಡೆಯಲಿಲ್ಲ ಎಂದು ಪ್ರಶ್ನಿಸಿದರು. ಬಾಯಿ, “ಹೆದರಿದೆ” ಎಂದರಂತೆ. ಡಾಕ್ಟರಿಗೆ ಎದುರು ಮಾತಾಡಲು ಹೆದರಿದೆ. ಆ ಕೊಠಡಿಗೆ ಇನ್‌ಚಾರ್ಜ್ ನಾನು. ತಪ್ಪು ನನ್ನದೂ ಹೌದು ಎಂದೂ ಹೇಳಿದರಂತೆ.

ಹೊರಗೆ ಬಂದವರ ಮುಖ ಜ್ವರ ಬಿಟ್ಟವರ ಮುಖದಂತಿತ್ತು. “ಹಸಿವಾಗ್ತದೆ” ಎಂದರು. ನಾವು ಮೂವರೂ ಎದುರಿನ ಹೋಟೆಲಿನಲ್ಲಿ ಕೂತು ಪರೋಟ ತಿಂದೆವು.

ಸಫಿಯಾ ಬಚಾವಾದಳು. ಡಾಕ್ಟರ ಕೆಲಸ ಹೋಯಿತು. ಬಾಯಿಯ ಲೈಸೆನ್ಸನ್ನು ತಡೆಹಿಡಿದರು. ಚಾಲಕನ ಕಡೆಯವರ ದೂರು ತೀರ್ಮಾನವಾಗುವ ತನಕ ದೇಶ ಬಿಡುವಂತಿಲ್ಲ ಎಂದಾಯಿತು. ಜನವರಿ ಬಂತು, ಹೋಯಿತು. ಮದುವೆ ಬಾಯಿ ಇಲ್ಲದೆಯೇ ನಡೆಯಿತು.

ಮಗಳಿಗೆ ಅವರು ನಿಜ ಹೇಳಲಿಲ್ಲ. “ರಜೆ ಸಿಗಲಿಲ್ಲ ಅಂತ ಹೇಳಿದ್ದೇನೆ. ನೀವೂ ಹಾಗೇ ಹೇಳ್ಬೇಕು” ಎಂದು ನಮ್ಮಿಬ್ಬರಿಂದ ಮಾತು ತೆಗೆದುಕೊಂಡರು. “ಮದುವೆಮನೆಗೆ ಕೇಸು ಅನ್ನುವ ಶಬ್ದ ಹೋಗ್ಬಾರ್ದು. ಗಂಡಿನ ಕಡೆಯವರು ಎಂತ ತಿಳಿಯುವುದು? ಅವಳಿಗೆ ನನ್ನ ಮೇಲೆ ಸಿಟ್ಟು ಬಂದ್ರೆ ಬರ್ಲಿ. ಸಿಟ್ಟು ಇಳೀತದೆ.”

ಇಳಿಯಲಿಲ್ಲ. ಬಾಲ್ಯವಿಡೀ ತಾಯಿಯನ್ನು ಫೋನಿನಲ್ಲಿ ಕಂಡ ಹುಡುಗಿ. ಮದುವೆಗೂ ಬರದ ತಾಯಿಗೆ ಕೆಲಸವೇ ಹೆಚ್ಚಾಯಿತು ಎಂದು ಅವಳು ತಿಳಿದುಕೊಂಡಳು.

ರಂಜಾನ್ ಉಪವಾಸದ ತಿಂಗಳು ಮುಗಿದ ಮೇಲೆ ಕೇಸಿನಿಂದ ಬಿಡುಗಡೆಯಾಗಿ ಬಾಯಿ ಊರಿಗೆ ಹೋದರು. ವಿಮಾನ ನಿಲ್ದಾಣದಲ್ಲಿ ಎಸ್ಕಲೇಟರಿಗೆ ಹೆದರಿ ನನ್ನ ತೋಳು ಹಿಡಿದದ್ದೇ ಕೊನೆ. ಆಮೇಲೆ ಆಗೊಮ್ಮೆ ಈಗೊಮ್ಮೆ ಫೋನು ಬರುತ್ತಿತ್ತು. ಮಗಳು ಬರುತ್ತಾಳೆ, ಬೇಕಾದ್ದು ತಂದುಕೊಡುತ್ತಾಳೆ, ಮಾತು ಕಡಿಮೆ ಎಂದು ಹೇಳುವರು. “ಈಗಲಾದರೂ ಹೇಳಿಬಿಡಿ ಬಾಯಿ” ಎಂದು ನಾನು ಒಮ್ಮೆ ಅಂದೆ. “ಈಗ ಹೇಳಿದ್ರೆ, ನೋಡು ನಾನೆಷ್ಟು ದೊಡ್ಡವಳು ಅಂತ ಹೇಳಿದ ಹಾಗೆ ಆಗ್ತದೆ. ಬೇಡ” ಎಂದರು. ಯಕೃತ್ತಿನ ಕಾಯಿಲೆ ಬಂತು. ನನ್ನ ಜೊತೆಗಿನ ಕೊನೆಯ ಮಾತಿನಲ್ಲಿ ಯೋಹಾನನ ಸುದ್ದಿ ತೆಗೆದರು. ಶಿಷ್ಯರಲ್ಲಿ ಮುದುಕನಾಗಿ ಹಾಸಿಗೆಯಲ್ಲಿ ಸತ್ತವನು ಅವನೊಬ್ಬನೇ. ಯೇಸುವಿನ ತಾಯಿಯನ್ನು ನೋಡಿಕೊಳ್ಳುವ ಕೆಲಸ ಅವನಿಗೆ ಬಿದ್ದಿತ್ತು. “ಅವ ನಮ್ಮ ಹಾಗೆ, ನರ್ಸು” ಎಂದು ನಕ್ಕರು. ನಗುವುದಕ್ಕೂ ಉಸಿರು ಸಾಲುತ್ತಿರಲಿಲ್ಲ.

ಅವರು ಹೋದಾಗ ಸಫಿಯಾ ರಜೆಯಲ್ಲಿ ಪುತ್ತೂರಿನಲ್ಲಿದ್ದಳು. ಗಂಡನನ್ನು ಹೊರಡಿಸಿಕೊಂಡು ಶವಸಂಸ್ಕಾರಕ್ಕೆ ಹೋದಳು. ಇಗರ್ಜಿಯ ಹಿಂದಿನ ಬೆಂಚಿನಲ್ಲಿ ಬುರ್ಖಾ ಹಾಕಿ ಕೂತವಳನ್ನು ಜನ ತಿರುಗಿ ತಿರುಗಿ ನೋಡಿದರಂತೆ. ಪೂಜೆ ಮುಗಿದು, ಮೃತರ ಬಗ್ಗೆ ಯಾರಾದರೂ ಎರಡು ಮಾತು ಹೇಳುವುದಿದ್ದರೆ ಬರಬಹುದು ಎಂದು ಪಾದ್ರಿಗಳು ಕೇಳಿದರು. ನೆಂಟರೊಬ್ಬರು ಬಾಯಿಯ ದೈವಭಕ್ತಿಯ ಬಗ್ಗೆ ಮಾತಾಡಿ ಕೂತರು. ಆಮೇಲೆ ಸಫಿಯಾ ಎದ್ದಳು.

“ನಂಗೆ ಭಾಷಣ ಮಾಡಿ ಗೊತ್ತಿಲ್ಲ. ಇವರು ನಮ್ಮ ಹತ್ರ ಯಾರಿಗೂ ಹೇಳ್ಬಾರ್ದು ಅಂತ ಮಾತು ತೆಗೊಂಡಿದ್ರು. ಇವತ್ತು ಹೇಳ್ತೇನೆ” ಎಂದು ಶುರುಮಾಡಿ, ಸೂಜಿಯ ವಿಷಯ, ಸಮಿತಿಯ ವಿಷಯ, ಮದುವೆಯ ವಿಷಯ ಎಲ್ಲ ಹೇಳಿದಳು. “ನಾನು ಇವತ್ತಿಗೂ ನರ್ಸ್ ಆಗಿರುವುದು ಇವರಿಂದ. ಇವರು ಮಗಳ ಮದುವೆಗೆ ಬರದೇ ಇದ್ದದ್ದು ನನ್ನಿಂದ” ಎಂದು ಮುಗಿಸಿ, ಯಾರ ಮುಖವನ್ನೂ ನೋಡದೆ ಬಂದು ಕೂತಳು. ಇಗರ್ಜಿಯಲ್ಲಿ ಒಬ್ಬರೂ ಕೆಮ್ಮಲಿಲ್ಲ ಎಂದು ಅವಳ ಗಂಡ ಹೇಳಿದ. ಮಗಳು ಮುಂದಿನ ಸಾಲಿನಲ್ಲಿ ಹಿಂದಕ್ಕೆ ತಿರುಗಿ ನಿಂತವಳು, ಪಾದ್ರಿಗಳು ಪ್ರಾರ್ಥನೆ ಶುರುಮಾಡಿದರೂ ಮುಂದಕ್ಕೆ ತಿರುಗಲಿಲ್ಲವಂತೆ.

ನಾನು ಈಗ ರಿಯಾದಿನಲ್ಲಿದ್ದೇನೆ, ಒಲಾಯಾ ಬಡಾವಣೆಯ ಒಂದು ಲ್ಯಾಬಿನಲ್ಲಿ. ಶವಸಂಸ್ಕಾರ ಆಗಿ ಒಂದು ವಾರಕ್ಕೆ, ಮಧ್ಯಾಹ್ನದ ಊಟದ ಹೊತ್ತಿಗೆ, ಊರಿನ ನಂಬರಿನಿಂದ ಕರೆ ಬಂತು. ಬಾಯಿಯ ಮಗಳು. ಸಫಿಯಾಳಿಂದ ನಂಬರ್ ಪಡೆದಿದ್ದಳು. ಮೊದಲು ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿದಳು. ಆಮೇಲೆ ಕೇಳಿದಳು: “ಆಂಟಿ, ನನ್ನ ರೋಸಿನ ದಿನ ಮಮ್ಮಿ ತುಂಬ ಸಲ ಫೋನ್ ಮಾಡಿದ್ರು. ನಾನು ತೆಗೀಲಿಲ್ಲ. ಆಗ ಅಲ್ಲಿ ಅವರು ಎಂತ ಮಾಡ್ತಾ ಇದ್ರು?”

ರೋಸ್ ಎಂದರೆ ಮದುವೆಯ ಹಿಂದಿನ ಸಂಜೆಯ ಶಾಸ್ತ್ರ. ತೆಂಗಿನ ಹಾಲು, ಎಣ್ಣೆ ಹಚ್ಚಿ ಹಿರಿಯರು ಮದುಮಗಳನ್ನು ಹರಸುತ್ತಾರೆ.

ನಾನು ಕಂಡದ್ದನ್ನು ಹೇಳಿದೆ. ಊರಲ್ಲಿ ಸಂಜೆಯಾದರೂ ಖತೀಫಿನಲ್ಲಿ ಆಗ ಇನ್ನೂ ಬಿಸಿಲಿತ್ತು. ಬಾಯಿ ಸ್ನಾನ ಮಾಡಿ, ಮದುವೆಗೆಂದು ತೆಗೆದಿಟ್ಟಿದ್ದ ನೀಲಿ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಉಟ್ಟಿದ್ದರು. ಒಂದು ಬಟ್ಟಲಲ್ಲಿ ತೆಂಗಿನ ಹಾಲು, ಇನ್ನೊಂದರಲ್ಲಿ ಎಣ್ಣೆ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿದ್ದರು. ಅದು ರಿಂಗಾಗುವುದು, ನಿಲ್ಲುವುದು. ಹೊತ್ತು ಮೀರುತ್ತಿದೆ ಎಂದು ಅವರು ಗಡಿಯಾರ ನೋಡುವುದನ್ನು ನೋಡಲಾರದೆ ಸಫಿಯಾ ತಲೆಯ ಬಟ್ಟೆ ತೆಗೆದು ಮುಂದೆ ಬಂದು ಸ್ಟೂಲಿನ ಮೇಲೆ ಕೂತಳು. “ನನ್ನ ತಲೆಗೆ ಹಾಕಿ ಬಾಯಿ” ಎಂದಳು. ಬಾಯಿ ಬೆರಳದ್ದಿ ಅವಳ ಹಣೆಯ ಮೇಲೆ ಶಿಲುಬೆಯ ಗುರುತು ಮಾಡಲು ಹೋಗಿ, ತಡೆದು, ನೆತ್ತಿಗೆ ಹಚ್ಚಿದರು. ಬೊಗಸೆಯಲ್ಲಿ ಹಾಲು ತೆಗೆದು ಮೆಲ್ಲಗೆ ಸುರಿದರು. ಕೊಂಕಣಿಯಲ್ಲಿ ಏನೋ ಹೇಳುತ್ತಿದ್ದರು. ನನಗೆ ಅರ್ಥವಾದದ್ದು ಹೆಸರೊಂದೇ.

“ಯಾರ ಹೆಸರು?” ಎಂದಳು ಮಗಳು.

“ನಿಂದೇ ಮಗಾ. ಮುಗಿಯುವ ತನಕ ನಿನ್ನ ಹೆಸರೇ ಹೇಳಿದ್ರು.”

ಆಮೇಲೆ ತೀರ ಸಣ್ಣ ಧ್ವನಿಯಲ್ಲಿ, “ಹಾಲು ಡಬ್ಬಿಯದ್ದಾ ಆಂಟಿ, ಕಾಯಿ ಹಿಂಡಿದ್ದಾ?” ಎಂದು ಕೇಳಿದಳು.

“ಕಾಯಿಯದ್ದೇ. ಒಳ್ಳೆ ಕಾಯಿ ಬೇಕಂತ ಬೆಳಿಗ್ಗೆಯಿಂದ ಇಡೀ ಖತೀಫ್ ಸುತ್ತಿದ್ದೆವು. ತುರಿದದ್ದು ನಾನು. ಹಿಂಡ್ಲಿಕ್ಕೆ ಮಾತ್ರ ನಮ್ಮನ್ನು ಬಿಡಲಿಲ್ಲ, ಅವರೇ ಹಿಂಡಿದ್ರು” ಎಂದೆ.

ಅವಳು ಅಳತೊಡಗಿದಳು. ಊಟದ ಹೊತ್ತು ಮುಗಿದು ಜೊತೆಯವರೆಲ್ಲ ಎದ್ದು ಹೋದರು. ನಾನು ಫೋನ್ ಕಿವಿಗಿಟ್ಟುಕೊಂಡು ಅಲ್ಲಿಯೇ ಕೂತಿದ್ದೆ.